ಬೇಕನ್ ಎಂಬ ಪದವೂ ಪರರ ಊಟವೂ: ಆಹಾರಮೂಲದ ಅಡ್ಡಹೆಸರುಗಳ ಚರಿತ್ರೆಗೆ ಒಂದು ಟಿಪ್ಪಣಿ

1. ಪ್ರಶ್ನೆಯ ಸ್ವರೂಪ

ಇಂಗ್ಲೆಂಡಿನಲ್ಲಿ ಬೆಳಗಿನ ಉಪಾಹಾರಕ್ಕೆ ‘ಬೇಕನ್’ ಎಂದು ಬಡಿಸುವ ಪದಾರ್ಥ ಸಾಮಾನ್ಯವಾಗಿ ಹಂದಿಯ ಬೆನ್ನಿನ ಭಾಗದಿಂದ ಕೊಯ್ದ, ಅಂಚಿನಲ್ಲಿ ಮಾತ್ರ ನೆಣವಿರುವ ಅಗಲವಾದ ಹೋಳು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಅದೇ ಹೆಸರಿನಿಂದ ತಟ್ಟೆಗೆ ಬರುವುದು ಹೊಟ್ಟೆಯ ಭಾಗದಿಂದ ಕೊಯ್ದ, ನೆಣವೂ ಮಾಂಸವೂ ಪಟ್ಟೆಪಟ್ಟೆಯಾಗಿ ಬೆರೆತ, ಗರಿಗರಿಯಾಗಿ ಹುರಿದ ನೀಳವಾದ ಎಳೆ. ಫ್ರಾನ್ಸಿನ ಅಂಗಡಿಯಲ್ಲಿ ಅದೇ ಹೆಸರನ್ನು ಹೇಳಿದರೆ ದೊರೆಯುವುದು ನೆಣ ಕಡಿಮೆಯಿರುವ, ಹೊಗೆಗೊಡ್ಡಿದ ದುಂಡನೆಯ ಬಿಲ್ಲೆ. ಒಂದು ದೇಶದವರು ಮತ್ತೊಂದು ದೇಶದ ತಟ್ಟೆಯನ್ನು ಕಂಡು ‘ಇದು ಬೇಕನ್ನೇ ಅಲ್ಲ’ ಎನ್ನುವುದುಂಟು. ಅಷ್ಟಕ್ಕೇ ನಿಲ್ಲದೆ, ‘ಆ ದೇಶದವರು ಇಂಥದ್ದನ್ನು ತಿನ್ನುವವರು’ ಎಂಬ ತೀರ್ಮಾನಕ್ಕೆ ಬರುವುದೂ ಉಂಟು.

ಈ ಎರಡು ಮಾತುಗಳೂ ಭಾಷಾವಿಜ್ಞಾನದ ಆಸಕ್ತಿಗೆ ಸೇರಿದವು. ಮೊದಲನೆಯದು ಒಂದು ಪದದ ಅರ್ಥವ್ಯಾಪ್ತಿಯನ್ನು ಕುರಿತದ್ದು; ಎರಡನೆಯದು ಒಂದು ಜನಸಮುದಾಯವನ್ನು ಅದರ ಊಟದಿಂದ ಹೆಸರಿಸುವ ರೂಢಿಯನ್ನು ಕುರಿತದ್ದು. ಇವೆರಡರ ಚರಿತ್ರೆಯನ್ನು ಒಟ್ಟಿಗೆ ಇಟ್ಟು ನೋಡುವುದು ಈ ಲೇಖನದ ಉದ್ದೇಶ. ನಮ್ಮ ವಾದ ಇಷ್ಟು: ಆಹಾರಮೂಲದ ಹೆಸರುಗಳು ಜನರ ರುಚಿಯ ದಾಖಲೆಗಳಂತೆ ತೋರಿದರೂ, ಅವು ಬಹುಮಟ್ಟಿಗೆ ವ್ಯಾಪಾರ, ಕಾನೂನು ಮತ್ತು ಯುದ್ಧಗಳ ದಾಖಲೆಗಳು. ಹೆಸರು ಹುಟ್ಟಿದ ಸಂದರ್ಭ ಮರೆಯಾದ ಮೇಲೂ ಹೆಸರು ಉಳಿಯುತ್ತದೆ. ಉಳಿದ ಹೆಸರನ್ನು ಸಾಕ್ಷ್ಯವೆಂದು ಬಗೆದಾಗ ಅದು ಮನುಷ್ಯರಿಗೆ ಹಾನಿಯನ್ನುಂಟುಮಾಡಬಲ್ಲದು.

2. ಪದದ ನಿಷ್ಪತ್ತಿ ಮತ್ತು ಮರುಪ್ರಯಾಣ

‘ಬೇಕನ್’ ಪದದ ಮೂಲ ಜರ್ಮಾನಿಕ್ ವರ್ಗದ್ದು. ಹಳೆಯ ಮೇಲು ಜರ್ಮನ್ ಭಾಷೆಯ ‘ಬಾಹೊ’ ಎಂಬ ರೂಪಕ್ಕೆ ಉಪ್ಪೂಡಿಸಿದ ತೊಡೆ ಅಥವಾ ಪಕ್ಕೆಯ ಮಾಂಸ ಎಂಬ ಅರ್ಥವಿತ್ತು. ಬೆನ್ನು ಎಂಬರ್ಥದ ಇಂಗ್ಲಿಷಿನ ‘ಬ್ಯಾಕ್’ ಶಬ್ದವೂ ಇದೇ ಬಳಗಕ್ಕೆ ಸೇರಿದ್ದೆಂದು ನಿಘಂಟುಕಾರರು ಪರಿಗಣಿಸುತ್ತಾರೆ. ಫ್ರಾಂಕಿಶ್ ಭಾಷೆಯ ಮೂಲಕ ಈ ಪದ ಹಳೆಯ ಫ್ರೆಂಚನ್ನು ಸೇರಿತು. ನಾರ್ಮನ್ನರ ಆಳ್ವಿಕೆಯ ನಂತರದ ಶತಮಾನಗಳಲ್ಲಿ ಫ್ರೆಂಚಿನಿಂದ ಇಂಗ್ಲಿಷಿಗೆ ಎರವಲಾಗಿ ಬಂತು. ಮಧ್ಯಕಾಲೀನ ಇಂಗ್ಲಿಷಿನಲ್ಲಿ ಅದರ ಅರ್ಥ ಇಂದಿನಷ್ಟು ಕಿರಿದಾಗಿರಲಿಲ್ಲ. ಉಪ್ಪೂಡಿಸದ ಹಂದಿಮಾಂಸಕ್ಕೂ ಅದು ಸಲ್ಲುತ್ತಿತ್ತು. ಉಪ್ಪೂಡಿಸಿದ ಪಕ್ಕೆ ಹಾಗೂ ಬೆನ್ನಿನ ಮಾಂಸ ಎಂಬ ಅರ್ಥ ಕಾಲಕ್ರಮದಲ್ಲಿ ನೆಲೆಗೊಂಡಿತು. ಇದು ಅರ್ಥಸಂಕೋಚಕ್ಕೆ ಸರಳವಾದ ನಿದರ್ಶನ.

ಇತ್ತ ಫ್ರೆಂಚಿನಲ್ಲಿ ಈ ಪದ ಬಳಕೆ ತಪ್ಪಿ, ಅದರ ಸ್ಥಾನವನ್ನು ‘ಲಾರ್’ ಎಂಬ ಪದ ಆಕ್ರಮಿಸಿತು. 19ನೆಯ ಶತಮಾನದಲ್ಲಿ ಫ್ರೆಂಚರು ‘ಬೇಕನ್’ ಪದವನ್ನು ಇಂಗ್ಲಿಷಿನಿಂದ ಮರಳಿ ಎರವಲು ಪಡೆದರು. ಹೀಗೆ ತಾನು ಕೊಟ್ಟ ಪದವನ್ನೇ ಫ್ರೆಂಚ್ ಭಾಷೆ ಅನ್ಯದೇಶ್ಯವೆಂಬಂತೆ ಸ್ವೀಕರಿಸಿತು. ಇಂಗ್ಲಿಷರ ಊಟದ ಗುರುತಾಗಿ ಅದನ್ನು ಬಳಸಿತು. ಆದರೆ ಆ ಪದ ಇಂದು ಅಲ್ಲಿ ಸೂಚಿಸುವ ಬಿಲ್ಲೆಗಳು ಇಂಗ್ಲಿಷರ ತಟ್ಟೆಯಲ್ಲಿ ಕಾಣುವಂಥವಲ್ಲ. ಹೊಟ್ಟೆಯ ಭಾಗದ ಹೊಗೆಗೊಡ್ಡಿದ ಮಾಂಸಕ್ಕೆ ಫ್ರೆಂಚರು ‘ಪ್ವಾತ್ರೀನ್ ಫ್ಯುಮೆ’ ಎಂಬ ಬೇರೆ ಹೆಸರನ್ನೇ ಉಳಿಸಿಕೊಂಡಿದ್ದಾರೆ.

ಇಂಥದೇ ಸಂಗತಿ ‘ಸ್ಪೆಕ್’ ಪದದ್ದು. ಜರ್ಮನ್ ಭಾಷೆಯಲ್ಲಿ ಅದು ಮುಖ್ಯವಾಗಿ ಹಂದಿಯ ನೆಣವನ್ನು, ಬೇಕನ್ನಿನಂಥ ಮಾಂಸವನ್ನು ಸೂಚಿಸುತ್ತದೆ. ಟಿರೋಲ್ ಪ್ರದೇಶದ ಮೂಲಕ ಇಟಾಲಿಯನ್ನಿಗೆ ಬಂದ ಅದೇ ಪದ ಅಲ್ಲಿ ಹೊಗೆಗೊಡ್ಡಿದ ತೊಡೆಯ ಮಾಂಸಕ್ಕೆ ಮೀಸಲಾಗಿದೆ. ಇಟಾಲಿಯನ್ನಿನಲ್ಲಿ ಹೊಟ್ಟೆಯ ಭಾಗ ‘ಪಾಂಚೆಟ್ಟಾ’, ಕೆನ್ನೆಯ ಭಾಗ ‘ಗ್ವಾಂಚಾಲೆ’. ಇವೆರಡೂ ದೇಹದ ಅಂಗವಾಚಕಗಳಿಂದ ಸಾಧಿತವಾದ ಪದಗಳು. ಅಂಗದ ಹೆಸರಿನಿಂದ ಸಾಧಿತವಾದ ಪದ ತನ್ನ ಅರ್ಥವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಎರವಲಾಗಿ ಬಂದ ಪದವಾದರೋ ಹೋದ ಕಡೆಯ ಪದಾರ್ಥಕ್ಕೆ ಹೊಂದಿಕೊಳ್ಳುತ್ತದೆ. ಬೇಕನ್ ಕುರಿತ ದೇಶದೇಶಗಳ ಜಗಳಕ್ಕೆ ಇದು ಮೊದಲ ಕಾರಣ.

3. ವ್ಯಾಪಾರವು ರೂಪಿಸಿದ ‘ರಾಷ್ಟ್ರೀಯ ರುಚಿ’

ಎರಡನೆಯ ಕಾರಣ ವ್ಯಾಪಾರ. ಇಂಗ್ಲೆಂಡಿನಲ್ಲಿ ಬೇಕನ್ ಬಹುಕಾಲ ಹಳ್ಳಿಗರ ಮಾಂಸವಾಗಿತ್ತು. 19ನೆಯ ಶತಮಾನದಲ್ಲಿ ಹಳ್ಳಿಗನನ್ನು ಹೀಯಾಳಿಸಲು ‘ಬೇಕನ್ ಅಗಿಯುವವ’ ಎಂಬರ್ಥದ ‘ಚಾ-ಬೇಕನ್’ ಎಂಬ ಪದ ಬಳಕೆಯಲ್ಲಿತ್ತು. ಗಡಿ ದಾಟಿ ಪರದೇಶದವರನ್ನು ಹೆಸರಿಸುವ ಮೊದಲು ಆಹಾರವು ತನ್ನ ದೇಶದೊಳಗಿನ ಕೆಳವರ್ಗವನ್ನು ಹೆಸರಿಸುತ್ತದೆ ಎಂಬುದಕ್ಕೆ ಇದು ಉದಾಹರಣೆ. ಮುಂದೆ ವಿಲ್ಟ್‌ಶೈರ್ ಪ್ರಾಂತದ ಕಾನ್ ಪಟ್ಟಣದ ಹ್ಯಾರಿಸ್ ಮನೆತನದವರು ಮಂಜುಗಡ್ಡೆಯಿಂದ ತಂಪಾಗಿಸಿದ ಕೋಣೆಗಳಲ್ಲಿ ವರ್ಷವಿಡೀ ಮಾಂಸವನ್ನು ಉಪ್ಪೂಡಿಸುವ ಕ್ರಮವನ್ನು ಬೆಳೆಸಿದರು. ಹಂದಿಯ ಇಡೀ ಅರ್ಧವನ್ನು ಉಪ್ಪುನೀರಿನಲ್ಲಿ ಹದಗೊಳಿಸುವ ಈ ‘ವಿಲ್ಟ್‌ಶೈರ್’ ವಿಧಾನವೇ ಬ್ರಿಟಿಷ್ ಬೇಕನ್ನಿನ ಮಾದರಿಯಾಯಿತು.

ಆ ಮಾದರಿಯನ್ನು ಪೂರೈಸಿದವರು ಬ್ರಿಟಿಷರು ಮಾತ್ರವಲ್ಲ. 1887ರಲ್ಲಿ ಜರ್ಮನಿ ಡೆನ್ಮಾರ್ಕಿನ ಜೀವಂತ ಹಂದಿಗಳ ಆಮದನ್ನು ನಿಷೇಧಿಸಿತು. ಅದೇ ವರ್ಷ ಡೆನ್ಮಾರ್ಕಿನ ಹಾರ್ಸೆನ್ಸ್ ಪಟ್ಟಣದಲ್ಲಿ ರೈತರ ಸಹಕಾರಿ ಕಸಾಯಿಖಾನೆ ಆರಂಭವಾಯಿತು. ಇಂಥ ಸಹಕಾರಿ ಸಂಸ್ಥೆಗಳು ಬ್ರಿಟಿಷ್ ಮಾರುಕಟ್ಟೆಯನ್ನು ಗುರಿಯಾಗಿಟ್ಟುಕೊಂಡು ಬೇಕನ್ ತಯಾರಿಸತೊಡಗಿದವು; ಅದಕ್ಕೆ ಒಪ್ಪುವಂಥ ನೀಳವಾದ ಬೆನ್ನಿನ ‘ಲ್ಯಾಂಡ್‌ರೇಸ್’ ತಳಿಯನ್ನು ಡೇನರು ಬೆಳೆಸಿದರು. ಇಂಗ್ಲಿಷರ ಬೆಳಗಿನ ತಟ್ಟೆ ಎಂಬ ರಾಷ್ಟ್ರೀಯ ಚಿತ್ರದ ಹಿಂದೆ ಡೇನಿಶ್ ರೈತನ ದುಡಿಮೆಯೂ ಜರ್ಮನಿಯ ಒಂದು ಆಜ್ಞೆಯೂ ಇವೆ. ಈ ಅವಲಂಬನೆ ಎಷ್ಟಿತ್ತೆಂಬುದನ್ನು ಯುದ್ಧ ತೋರಿಸಿತು. 1940ರ ಜನವರಿ 8ರಂದು ಬ್ರಿಟನ್ನಿನಲ್ಲಿ ಆಹಾರದ ಪಡಿತರ ಆರಂಭವಾದಾಗ ಮೊದಲು ಪಟ್ಟಿಗೆ ಸೇರಿದವು ಬೇಕನ್, ಬೆಣ್ಣೆ ಮತ್ತು ಸಕ್ಕರೆ. ಅದೇ ಏಪ್ರಿಲ್ 9ರಂದು ಜರ್ಮನ್ ಸೇನೆ ಡೆನ್ಮಾರ್ಕನ್ನು ಆಕ್ರಮಿಸಿ ಪೂರೈಕೆಯನ್ನೇ ಕಡಿಯಿತು. ಮಾಂಸ ಮತ್ತು ಬೇಕನ್ ಪಡಿತರದಿಂದ ಹೊರಬಂದದ್ದು 1954ರ ಜುಲೈನಲ್ಲಿ. ಇತ್ತ ಡೇನರು ತಮ್ಮ ರಾಷ್ಟ್ರೀಯ ಖಾದ್ಯವೆಂದು 2014ರಲ್ಲಿ ಮತದ ಮೂಲಕ ಆರಿಸಿದ ಹಂದಿಮಾಂಸದ ಅಡುಗೆಯ ಹೆಸರಿನಲ್ಲಿ ಬರುವುದು ‘ಫ್ಲೆಸ್ಕ್’ ಎಂಬ ಅವರದೇ ಪದ. ‘ಬೇಕನ್’ ಡೇನಿಶ್ ಭಾಷೆಗೆ ಇಂಗ್ಲಿಷಿನಿಂದ ಬಂದ ಎರವಲು.

ಕೆನಡಾದ ವಿಷಯವೂ ಇದಕ್ಕೆ ಸಮೀಪವಾದುದು. ಇಂಗ್ಲೆಂಡಿನಿಂದ 1854ರಲ್ಲಿ ವಲಸೆ ಹೋದ ವಿಲಿಯಂ ಡೇವಿಸ್ ಟೊರಾಂಟೊದಲ್ಲಿ ಬೆಳೆಸಿದ ಉದ್ಯಮವು ಬ್ರಿಟನ್ನಿಗೆ ಬೇಕನ್ ರಫ್ತು ಮಾಡುತ್ತಿತ್ತು. ಆ ನಗರಕ್ಕೆ ಅಂಟಿದ ‘ಹಾಗ್‌ಟೌನ್’, ಎಂದರೆ ಹಂದಿಯೂರು, ಎಂಬ ಅಡ್ಡಹೆಸರನ್ನು ಈ ಉದ್ಯಮದೊಂದಿಗೆ ಜೋಡಿಸುವುದು ವಾಡಿಕೆ. ಬೆನ್ನಿನ ಮಾಂಸವನ್ನು ಉಪ್ಪುನೀರಿನಲ್ಲಿ ನೆನೆಸಿ, ಕೆಡದಿರಲೆಂದು ಹಳದಿ ಬಟಾಣಿಯ ಹಿಟ್ಟಿನಲ್ಲಿ ಹೊರಳಿಸುವ ಕ್ರಮದಿಂದ ‘ಪೀಮೀಲ್ ಬೇಕನ್’ ಎಂಬ ಹೆಸರು ಬಂತು. ಬಟಾಣಿ ಹಿಟ್ಟಿನ ಬದಲು ಈಗ ಮೆಕ್ಕೆಜೋಳದ ಹಿಟ್ಟನ್ನು ಬಳಸುತ್ತಾರೆ. ಹೆಸರು ಮಾತ್ರ ಬದಲಾಗಿಲ್ಲ. ಅಮೆರಿಕದವರು ‘ಕೆನಡಿಯನ್ ಬೇಕನ್’ ಎಂದು ಕರೆಯುವ ಪದಾರ್ಥವಾದರೋ ಹೊಗೆಗೊಡ್ಡಿ ಬೇಯಿಸಿದ ದುಂಡನೆಯ ಮಾಂಸ. ಹಿಟ್ಟು ಸವರಿದ, ಹೊಗೆ ಸೋಕದ ಕೆನಡಾದ ಪದಾರ್ಥ ಅದಲ್ಲ. ಕೆನಡಿಯನ್ನರು ತಮ್ಮದನ್ನು ‘ಬ್ಯಾಕ್ ಬೇಕನ್’ ಅಥವಾ ‘ಪೀಮೀಲ್’ ಎನ್ನುತ್ತಾರೆಯೇ ಹೊರತು ದೇಶದ ಹೆಸರನ್ನು ಅದಕ್ಕೆ ಸೇರಿಸುವುದಿಲ್ಲ. ಆದ್ದರಿಂದ ‘ಕೆನಡಿಯನ್ ಬೇಕನ್’ ಎಂಬುದನ್ನು ಹೊರಗಿನವರು ಕೊಟ್ಟ ಹೆಸರು, ಎಂದರೆ ಪರನಾಮ, ಎಂದು ನಾವು ಪರಿಗಣಿಸುತ್ತೇವೆ.

ಅಮೆರಿಕದ ಬಳಕೆಗೂ ವ್ಯಾಪಾರ ಮತ್ತು ಕಾನೂನುಗಳ ಬೆಂಬಲವಿದೆ. 1920ರ ದಶಕದಲ್ಲಿ ಬೀಚ್-ನಟ್ ಕಂಪನಿಯ ಬೇಕನ್ ಮಾರಾಟವನ್ನು ಹೆಚ್ಚಿಸಲು ಪ್ರಚಾರತಜ್ಞ ಎಡ್ವರ್ಡ್ ಬರ್ನೇಸ್ ಸಾವಿರಾರು ವೈದ್ಯರಿಂದ ‘ಬೆಳಗಿನ ಊಟ ಗಟ್ಟಿಯಾಗಿರಬೇಕು’ ಎಂಬ ಅಭಿಪ್ರಾಯವನ್ನು ಸಂಗ್ರಹಿಸಿ, ಅದನ್ನು ಬೇಕನ್ ಮತ್ತು ಮೊಟ್ಟೆಯೊಂದಿಗೆ ಜೋಡಿಸಿ ಪತ್ರಿಕೆಗಳಿಗೆ ಹಂಚಿದುದಾಗಿ ಸ್ವತಃ ಹೇಳಿಕೊಂಡಿದ್ದಾನೆ. ಆ ದೇಶದ ಕೃಷಿ ಇಲಾಖೆಯ ನಿಯಮದಂತೆ ವಿಶೇಷಣವಿಲ್ಲದ ‘ಬೇಕನ್’ ಎಂದರೆ ಉಪ್ಪೂಡಿಸಿದ ಹೊಟ್ಟೆಯ ಮಾಂಸವೇ. ಬೇರೆ ಭಾಗದ್ದಾದರೆ ಆ ಭಾಗದ ಹೆಸರನ್ನು ಸೇರಿಸಬೇಕು. ಬ್ರಿಟನ್ನಿನ ಆಡುಮಾತಿನಲ್ಲಿ ವಿಶೇಷಣ ಬೀಳುವುದು ಹೊಟ್ಟೆಯ ಭಾಗಕ್ಕೆ: ಅದು ‘ಸ್ಟ್ರೀಕಿ ಬೇಕನ್’. ಒಂದು ದೇಶದ ಸಾಮಾನ್ಯರೂಪ ಇನ್ನೊಂದು ದೇಶದ ವಿಶಿಷ್ಟರೂಪ. ಎರಡೂ ಪಕ್ಷಗಳಿಗೆ ‘ನಮ್ಮದೇ ನಿಜವಾದದ್ದು’ ಎಂಬ ಭಾವನೆ ಮೂಡಲು ವ್ಯಾಕರಣದ ಈ ವ್ಯತ್ಯಾಸವೂ ಕಾರಣ.

4. ಊಟದಿಂದ ಜನರನ್ನು ಹೆಸರಿಸುವ ರೂಢಿ

ಪದಾರ್ಥದ ಹೆಸರಿಗೆ ದೇಶ ಅಂಟಿಕೊಳ್ಳುವಂತೆ ದೇಶದ ಜನರಿಗೆ ಪದಾರ್ಥದ ಹೆಸರೂ ಅಂಟಿಕೊಳ್ಳುತ್ತದೆ. ಇದನ್ನು ಬಹು ಹಿಂದೆಯೇ ಗಮನಿಸಿದವರಲ್ಲಿ ಜೋಸೆಫ್ ಅಡಿಸನ್ ಒಬ್ಬ. 1711ರಲ್ಲಿ ‘ದಿ ಸ್ಪೆಕ್ಟೇಟರ್’ ಪತ್ರಿಕೆಯ 47ನೆಯ ಸಂಚಿಕೆಯಲ್ಲಿ, ಪ್ರತಿಯೊಂದು ದೇಶದ ಜನರೂ ತಮ್ಮ ಬೀದಿ ವಿದೂಷಕನನ್ನು ತಮಗೆ ಪ್ರಿಯವಾದ ಖಾದ್ಯದ ಹೆಸರಿನಿಂದ ಕರೆಯುತ್ತಾರೆಂದು ಆತ ಬರೆದ. ಹಾಲೆಂಡಿನಲ್ಲಿ ಉಪ್ಪಿನ ಹೆರಿಂಗ್ ಮೀನು, ಫ್ರಾನ್ಸಿನಲ್ಲಿ ಸಾರು, ಇಟಲಿಯಲ್ಲಿ ಮ್ಯಾಕರೋನಿ, ಬ್ರಿಟನ್ನಿನಲ್ಲಿ ಪುಡಿಂಗ್. ಇಲ್ಲಿ ಹೆಸರಿಟ್ಟುಕೊಂಡವರು ಆಯಾ ಜನರೇ. ನಗೆಯೂ ತಮ್ಮನ್ನು ಕುರಿತೇ. ಹೊರಗಿನವರು ಹೆಸರಿಡತೊಡಗಿದಾಗ ನಗೆಯ ದಿಕ್ಕು ಬದಲಾಗುತ್ತದೆ. ಫ್ರೆಂಚರು ಇಂಗ್ಲಿಷರನ್ನು ‘ರಾಸ್‌ಬಿಫ್’ ಎಂದರು. ಹುರಿದ ದನದ ಮಾಂಸಕ್ಕೆ ಇಂಗ್ಲಿಷರಿಟ್ಟ ಹೆಸರೇ ಅವರ ಮೇಲೆ ತಿರುಗಿಬಿತ್ತು. ಅದೇ ಮಾಂಸವನ್ನು ಇಂಗ್ಲಿಷರು ತಮ್ಮ ಹೆಮ್ಮೆಯ ಗುರುತಾಗಿಸಿಕೊಂಡರೆಂಬುದಕ್ಕೆ 1748ರ ಹೋಗಾರ್ತನ ಕ್ಯಾಲೆ ನಗರದ್ವಾರದ ಚಿತ್ರವೇ ಸಾಕ್ಷಿ.

ಇಂಥ ಹೆಸರುಗಳು ಊಟವನ್ನು ಕಂಡು ಹುಟ್ಟಿದವೆಂದು ನಂಬುವುದು ಸಹಜ. ಆದರೆ ದಾಖಲೆಗಳು ಬೇರೆಯದನ್ನು ಹೇಳುತ್ತವೆ. ಇಂಗ್ಲಿಷರು ಫ್ರೆಂಚರನ್ನು ‘ಕಪ್ಪೆಗಳು’ ಎನ್ನುವುದು ಅವರು ಕಪ್ಪೆಯ ಕಾಲನ್ನು ತಿನ್ನುವುದರಿಂದ ಎಂಬ ವಿವರಣೆ ಎಲ್ಲೆಡೆ ಪ್ರಚಲಿತವಾಗಿದೆ. 1712ರಲ್ಲಿ ಜಾನ್ ಅರ್ಬತ್‌ನಾಟ್ ಬರೆದ, ‘ಜಾನ್ ಬುಲ್’ ಪಾತ್ರವನ್ನು ಸೃಷ್ಟಿಸಿದ ವಿಡಂಬನೆಯಲ್ಲಿ ‘ನಿಕೊಲಸ್ ಫ್ರಾಗ್’ ಎಂಬ ಪಾತ್ರವಿದೆ. ಅವನು ಡಚ್ಚರ ಪ್ರತಿನಿಧಿ. ಫ್ರೆಂಚ್ ದೊರೆಗೆ ಅಲ್ಲಿರುವ ಹೆಸರು ಬೇರೆ. ಜೌಗುನೆಲದ ಡಚ್ಚರಿಗೆ ಸಲ್ಲುತ್ತಿದ್ದ ಹೆಸರು, ಇಂಗ್ಲೆಂಡಿನ ಮುಖ್ಯ ಶತ್ರು ಬದಲಾದಂತೆ ಫ್ರೆಂಚರಿಗೆ ವರ್ಗವಾಯಿತು. ಆಹಾರದ ಕಾರಣ ಹೊಸ ಬಳಕೆಗೆ ಒದಗಿದ ಸಮರ್ಥನೆ. ಜನಪದ ನಿಷ್ಪತ್ತಿಯ ವ್ಯಾಪಾರ ಪದರೂಪಗಳಲ್ಲಿ ಮಾತ್ರವಲ್ಲ, ಪ್ರಯೋಗದ ಕಾರಣಗಳಲ್ಲಿಯೂ ನಡೆಯುತ್ತದೆ ಎಂಬುದು ಇದರಿಂದ ಸ್ಪಷ್ಟ.

ಜರ್ಮನರಿಗೆ ಅಂಟಿದ ‘ಕ್ರೌಟ್’ ಎಂಬ ಹೆಸರಿನ ಪರಿಯೂ ಇಂಥದೇ. ಹುಳಿ ಬರಿಸಿದ ಎಲೆಕೋಸು ಜರ್ಮನರ ಸ್ವತ್ತಾಗಿರಲಿಲ್ಲ. 1768ರಲ್ಲಿ ಹೊರಟ ಜೇಮ್ಸ್ ಕುಕ್ಕನ ಇಂಗ್ಲಿಷ್ ಹಡಗಿನಲ್ಲಿ ಅದು ಹೇರಳವಾಗಿತ್ತು. ಮೊದಲು ಒಲ್ಲೆನೆಂದ ನಾವಿಕರು, ಅಧಿಕಾರಿಗಳ ಮೇಜಿನಲ್ಲಿ ಅದನ್ನು ನಿತ್ಯ ಬಡಿಸತೊಡಗಿದ ಮೇಲೆ ತಾವೂ ತಿಂದರು. ಆದರೂ ಹೆಸರು ಇಂಗ್ಲಿಷರಿಗೆ ಅಂಟಲಿಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದವರು ಆ ಪದಾರ್ಥವನ್ನು ತಿನ್ನುತ್ತಲೇ ಅದನ್ನು ‘ಸ್ವಾತಂತ್ರ್ಯದ ಎಲೆಕೋಸು’ ಎಂದು ಕರೆದರು. 2003ರಲ್ಲಿ ಇರಾಕ್ ಯುದ್ಧವನ್ನು ಫ್ರಾನ್ಸ್ ವಿರೋಧಿಸಿದಾಗ ಅಲ್ಲಿನ ಪ್ರತಿನಿಧಿಸಭೆಯ ಊಟದ ಮನೆಗಳಲ್ಲಿ ‘ಫ್ರೆಂಚ್ ಫ್ರೈಸ್’ ‘ಫ್ರೀಡಂ ಫ್ರೈಸ್’ ಆದದ್ದು ಇದೇ ಜಾಡಿನಲ್ಲಿ. ಬ್ರಿಟಿಷರನ್ನು ಕುರಿತ ‘ಲೈಮಿ’ ಎಂಬ ಪದ ಅವರ ರುಚಿಯನ್ನಲ್ಲ, ಕಾನೂನನ್ನು ಸೂಚಿಸುತ್ತದೆ. ಸ್ಕರ್ವಿ ರೋಗದ ತಡೆಗೆಂದು 1795ರಿಂದ ಬ್ರಿಟಿಷ್ ನೌಕಾಪಡೆಯಲ್ಲಿ ನಿಂಬೆಯ ರಸವನ್ನು ಕೊಡಲಾಗುತ್ತಿತ್ತು. 1867ರ ಶಾಸನ ವ್ಯಾಪಾರಿ ಹಡಗುಗಳಲ್ಲಿಯೂ ಲೈಮ್ ರಸವನ್ನು ಕಡ್ಡಾಯಗೊಳಿಸಿತು. ನಾವಿಕರು ಕುಡಿದದ್ದು ಔಷಧಿಯನ್ನು. ಹೆಸರು ಬಂದದ್ದು ಇಡೀ ದೇಶಕ್ಕೆ.

ಹೆಸರಿಗೂ ಊಟಕ್ಕೂ ನಿಜವಾದ ಸಂಬಂಧವಿದ್ದಾಗಲೂ ಆ ಸಂಬಂಧಕ್ಕೆ ಕಾಲದ ಮಿತಿಯಿದೆ. ನೇಪಲ್ಸಿನ ಜನರನ್ನು ಹಿಂದೆ ಇಟಲಿಯ ಇತರರು ‘ಸೊಪ್ಪು ತಿನ್ನುವವರು’ ಎನ್ನುತ್ತಿದ್ದರು. 17ನೆಯ ಶತಮಾನದಿಂದ ಮುಂದೆ ಅವರು ‘ಮ್ಯಾಕರೋನಿ ತಿನ್ನುವವರು’ ಆದರು. ಅದಕ್ಕೆ ಮೊದಲು ಈ ಹೆಸರು ಸಿಸಿಲಿಯವರದಾಗಿತ್ತು. 1958ರಲ್ಲಿ ಎಮಿಲಿಯೊ ಸೆರೇನಿ ಈ ಬದಲಾವಣೆಯನ್ನು ಅಭ್ಯಸಿಸಿ, ಮಾಂಸ ಮತ್ತು ಸೊಪ್ಪುಗಳ ಅಭಾವ, ಜನಸಂಖ್ಯೆಯ ಒತ್ತಡ, ಹಿಟ್ಟು ನಾದುವ ಮತ್ತು ಒತ್ತುವ ಯಂತ್ರಗಳಿಂದ ಅಗ್ಗವಾದ ಪಾಸ್ತಾ ಇವುಗಳಲ್ಲಿ ಅದರ ಕಾರಣವನ್ನು ಗುರುತಿಸಿದ. ಇಂದು ಇಟಲಿಯ ಸನಾತನ ಗುರುತೆಂದು ತೋರುವ ಪಾಸ್ತಾ ಅಲ್ಲಿನ ಒಂದು ದೊಡ್ಡ ನಗರದ ನಿತ್ಯದ ಊಟವಾದದ್ದು ಅಭಾವದ ದಿನಗಳಲ್ಲಿ.

5. ಊಟವು ಸಾಕ್ಷ್ಯವಾದಾಗ

ಇಲ್ಲಿಯವರೆಗಿನ ಉದಾಹರಣೆಗಳು ಬಹುಮಟ್ಟಿಗೆ ಪರಿಹಾಸ್ಯದ ಮಟ್ಟದಲ್ಲಿವೆ. ಸ್ಪೇನಿನ ಚರಿತ್ರೆಯಲ್ಲಿ ಅದೇ ಹಂದಿಮಾಂಸ ಬೇರೊಂದು ಪಾತ್ರವನ್ನು ವಹಿಸಿತು. 1492ರಲ್ಲಿ ಯಹೂದ್ಯರನ್ನು ದೇಶದಿಂದ ಹೊರಹಾಕಲಾಯಿತು, ಉಳಿಯಬಯಸಿದವರು ಕ್ರೈಸ್ತರಾಗಬೇಕಾಯಿತು. 1502ರಲ್ಲಿ ಕ್ಯಾಸ್ಟೀಲಿನ ಮುಸ್ಲಿಮರಿಗೂ ಇದೇ ಆಯ್ಕೆಯನ್ನು ಮುಂದಿಡಲಾಯಿತು. ಮತಾಂತರಗೊಂಡವರ ಅಂತರಂಗವನ್ನು ಪರೀಕ್ಷಿಸುವ ಅಧಿಕಾರ ಇನ್‌ಕ್ವಿಸಿಶನ್ ಎಂಬ ಧಾರ್ಮಿಕ ನ್ಯಾಯಮಂಡಳಿಯದಾಗಿತ್ತು. ಅದು ಇಗರ್ಜಿಗಳಲ್ಲಿ ಓದಿಸುತ್ತಿದ್ದ ಪ್ರಕಟಣೆಗಳು ನೆರೆಹೊರೆಯವರು ಗಮನಿಸಿ ದೂರು ಕೊಡಬೇಕಾದ ಲಕ್ಷಣಗಳನ್ನು ಪಟ್ಟಿಮಾಡುತ್ತಿದ್ದವು: ಮಾಂಸದಿಂದ ನೆಣವನ್ನು ತೆಗೆಯುವುದು, ಶನಿವಾರದ ಅಡುಗೆಯನ್ನು ಶುಕ್ರವಾರವೇ ಮಾಡಿಡುವುದು, ‘ತೊಸೀನೊ’ ತಿನ್ನದಿರುವುದು. ತೊಸೀನೊ ಎಂದರೆ ಉಪ್ಪೂಡಿಸಿದ ಹಂದಿಯ ನೆಣಮಾಂಸ, ಬೇಕನ್ನಿನ ಹತ್ತಿರದ ಬಂಧು.

1567ರಲ್ಲಿ ಟೊಲೆಡೊ ನಗರದ ನ್ಯಾಯಮಂಡಳಿ ಎಲ್ವಿರಾ ದೆಲ್ ಕಾಂಪೊ ಎಂಬ ಗರ್ಭಿಣಿಯನ್ನು ಬಂಧಿಸಿತು. ಆಕೆಯ ಮೇಲಿದ್ದ ಆರೋಪ ಹಂದಿಮಾಂಸವನ್ನು ತಿನ್ನುವುದಿಲ್ಲ, ಶನಿವಾರ ಮಡಿಬಟ್ಟೆ ಉಡುತ್ತಾಳೆ ಎಂಬುದು. ತಾನು ಹಾಗೆ ನಡೆದದ್ದು ನಿಜ, ಆದರೆ ಅದರಲ್ಲಿ ಮತದ ಉದ್ದೇಶವಿರಲಿಲ್ಲವೆಂದು ಆಕೆ ಹೇಳಿದಳು. ಚಿತ್ರಹಿಂಸೆಗೊಳಗಾದ ಮೇಲೆ ಆಕೆಯಿಂದ ತಪ್ಪೊಪ್ಪಿಗೆ ಹೊರಟಿತು; ಆಸ್ತಿ ಮುಟ್ಟುಗೋಲಾಗಿ ಸೆರೆವಾಸವಾಯಿತು. ‘ಅವರು ಹಂದಿಯನ್ನು ತಿನ್ನದವರು’ ಎಂಬ ಸಿದ್ಧಮಾದರಿಯ ಮಾತು ಇಲ್ಲಿ ನ್ಯಾಯಾಲಯದ ಪ್ರಮಾಣವಾಯಿತು. ಸ್ಪೇನಿನಲ್ಲಿ ಮತಾಂತರಿತರಿಗೆ ಬಿದ್ದ ಬೈಗುಳವಾದ ‘ಮರ್ರಾನೊ’ ಪದಕ್ಕೆ ಹಂದಿ ಎಂಬ ಅರ್ಥವೂ ಇದೆ. ನಿಷಿದ್ಧ ಎಂಬರ್ಥದ ಅರಬ್ಬಿ ಶಬ್ದವನ್ನು ಅದರ ಮೂಲವೆಂದು ಹೇಳುವುದುಂಟು. ತಿನ್ನದ ಪ್ರಾಣಿಯ ಹೆಸರೇ ತಿನ್ನದವರ ಹೆಸರಾಯಿತು.

ಮಜೋರ್ಕಾ ದ್ವೀಪದ ‘ಶುವೆತ’ ಎಂಬ ಪದ ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು. ಅಲ್ಲಿನ ಮತಾಂತರಿತ ಯಹೂದ್ಯರ ವಂಶಸ್ಥರಿಗೆ ಈ ಹೆಸರು ಸಲ್ಲುತ್ತಿತ್ತು. 1691ರಲ್ಲಿ ಪಾಲ್ಮಾ ನಗರದಲ್ಲಿ ನಡೆದ ಸಾರ್ವಜನಿಕ ದಂಡನೆಗಳ ನಂತರ ಹದಿನೈದು ಮನೆತನದ ಹೆಸರುಗಳ ಮೇಲೆ ಕಳಂಕ ಸ್ಥಿರವಾಗಿ ನಿಂತಿತು. ಪದದ ನಿಷ್ಪತ್ತಿಯನ್ನು ಕುರಿತು ಎರಡು ವಿವರಣೆಗಳಿವೆ. ಯಹೂದ್ಯ ಎಂಬ ಪದದ ಅಲ್ಪಾರ್ಥಕ ರೂಪವಾದ ‘ಜುವೆತೊ’ ಎಂಬುದರಿಂದ ಅದು ಬಂದಿತೆಂಬುದು ಒಂದು. ಬೇಕನ್ ಎಂಬರ್ಥದ ‘ಶುಯಾ’ ಎಂಬ ಸ್ಥಳೀಯ ಪದದಿಂದ ಬಂದಿತೆಂಬುದು ಇನ್ನೊಂದು. ಎರಡನೆಯ ವಿವರಣೆಯಲ್ಲಿಯೂ ಎರಡು ಕವಲುಗಳಿವೆ: ತಾವು ನಿಜವಾದ ಕ್ರೈಸ್ತರೆಂದು ತೋರಿಸಲು ಅವರು ಎಲ್ಲರೆದುರು ಬೇಕನ್ ತಿನ್ನುತ್ತಿದ್ದರೆಂದು ಜನರ ನಂಬಿಕೆ, ಯಹೂದ್ಯರನ್ನು ಹಂದಿಗೆ ಸಂಬಂಧಿಸಿದ ಪದಗಳಿಂದ ಹೀಯಾಳಿಸುವ ರೂಢಿಯೇ ಇದಕ್ಕೆ ಮೂಲವೆಂದು ಇತರರು. ಧ್ವನಿವ್ಯತ್ಯಾಸದ ದೃಷ್ಟಿಯಿಂದ ಮೊದಲನೆಯ ನಿಷ್ಪತ್ತಿಗೆ ಅಡ್ಡಿಯೇನೂ ಕಾಣುವುದಿಲ್ಲ. ಆದರೆ ಎರಡನೆಯದು ಜನರ ನೆನಪಿನಲ್ಲಿ ಉಳಿದುಬಂದದ್ದೇ ಒಂದು ಚಾರಿತ್ರಿಕ ಸಂಗತಿ. ತಿನ್ನದಿದ್ದರೆ ಅಪರಾಧ, ತಿಂದರೆ ನಟನೆ ಎಂಬ ಇಕ್ಕಟ್ಟಿನಲ್ಲಿ ಒಂದು ಸಮುದಾಯ ಬದುಕಿತ್ತೆಂಬುದನ್ನು ಅದು ಹೇಳುತ್ತದೆ. 1782ರಲ್ಲಿ ಮೂರನೆಯ ಕಾರ್ಲೋಸ್ ದೊರೆ ಈ ಪದದಿಂದ ಅವರನ್ನು ಕರೆಯುವುದನ್ನೇ ರಾಜಾಜ್ಞೆಯಿಂದ ನಿಷೇಧಿಸಿದ. ಪದ ಅಳಿಯಲಿಲ್ಲ, ಆ ಮನೆತನಗಳೊಂದಿಗೆ ಮದುವೆಯ ಸಂಬಂಧವನ್ನು ನಿರಾಕರಿಸುವ ರೂಢಿ 20ನೆಯ ಶತಮಾನದವರೆಗೂ ಮುಂದುವರಿಯಿತು.

6. ಉಪಸಂಹಾರ

ಈ ಸಮೀಕ್ಷೆಯಿಂದ ಮೂರು ಅಂಶಗಳನ್ನು ಮುಂದಿಡಬಹುದು. ಮೊದಲನೆಯದಾಗಿ, ಎರವಲಾಗಿ ಸಂಚರಿಸುವ ಆಹಾರವಾಚಕವು ಪ್ರತಿಯೊಂದು ನೆಲೆಯಲ್ಲಿಯೂ ಅಲ್ಲಿನ ವ್ಯಾಪಾರಕ್ಕೆ ತಕ್ಕಂತೆ ಅರ್ಥವನ್ನು ಗಳಿಸುತ್ತದೆ. ಆದ್ದರಿಂದ ‘ನಿಜವಾದ ಬೇಕನ್ ಯಾವುದು’ ಎಂಬ ಪ್ರಶ್ನೆಗೆ ಭಾಷಾವಿಜ್ಞಾನದಲ್ಲಿ ಉತ್ತರವಿಲ್ಲ. ಎರಡನೆಯದಾಗಿ, ‘ಇಂಥವರು ಇಂಥದ್ದನ್ನು ತಿನ್ನುತ್ತಾರೆ’ ಎಂಬ ವಾಕ್ಯ ನಿತ್ಯವರ್ತಮಾನದ ರೂಪದಲ್ಲಿದ್ದರೂ ಅದರ ಸತ್ಯಾಂಶ ಯಾವುದೋ ಒಂದು ಕಾಲಕ್ಕೆ ಸೇರಿದ್ದು; ಆ ಕಾಲವನ್ನು ಹುಡುಕಿ ಜೋಡಿಸುವುದು ಪದಚರಿತ್ರೆಕಾರನ ಕೆಲಸ. ಮೂರನೆಯದಾಗಿ, ಹೆಸರಿನ ಕಾರಣವೆಂದು ಜನರು ಹೇಳುವ ಮಾತು ಹಲವು ವೇಳೆ ಹೆಸರಿಗಿಂತ ಕಿರಿಯದು.

ಕನ್ನಡಕ್ಕೆ ಅನುವಾದಿಸುವವರಿಗೂ ಇದರಲ್ಲಿ ಒಂದು ಎಚ್ಚರಿಕೆಯಿದೆ. ‘ಬೇಕನ್’ ಎಂಬ ಲಿಪ್ಯಂತರ ನಮ್ಮಲ್ಲಿ ಈಗ ರೂಢಿಯಲ್ಲಿದೆ. ಆದರೆ ಮೂಲಪಠ್ಯ ಯಾವ ದೇಶದ್ದು, ಯಾವ ಕಾಲದ್ದು ಎಂಬುದನ್ನು ನೋಡದೆ ಅದನ್ನು ಬಳಸಿದರೆ ಬೆನ್ನು ಹೊಟ್ಟೆಯಾಗುತ್ತದೆ, ಬಡವನ ಊಟ ಸಿರಿವಂತನ ಉಪಾಹಾರವಾಗುತ್ತದೆ. 1605ರಲ್ಲಿ ಪ್ರಕಟವಾದ ‘ಡಾನ್ ಕಿಹೋಟೆ’ಯ ಮೊದಲ ಅಧ್ಯಾಯದಲ್ಲಿ ನಾಯಕ ಶನಿವಾರಗಳಂದು ತಿನ್ನುತ್ತಿದ್ದ ಖಾದ್ಯವನ್ನು ಅನೇಕ ವ್ಯಾಖ್ಯಾನಕಾರರು ಮೊಟ್ಟೆ ಮತ್ತು ಹಂದಿಯ ನೆಣದ ಅಡುಗೆಯೆಂದು ಗುರುತಿಸುತ್ತಾರೆ. ಅದರ ಹೆಸರಿನ ಅಕ್ಷರಶಃ ಅರ್ಥ ದುಃಖ ಮತ್ತು ಭಂಗ. ಯಹೂದ್ಯರಿಗೆ ಶನಿವಾರ ಪವಿತ್ರದಿನ, ಹಂದಿ ನಿಷಿದ್ಧ. ಆ ನಾಡಿನಲ್ಲಿ, ಆ ದಿನ, ಆ ತಟ್ಟೆಯ ಮುಂದೆ ಕುಳಿತವನನ್ನು ನೆರೆಯವರು ನೋಡುತ್ತಿದ್ದರೆಂಬುದು ಅನುವಾದಕನಿಗೆ ತಿಳಿದಿರಬೇಕು. ಪದವನ್ನು ಆರಿಸಿದ ಮೇಲೆ ಒಂದು ಅಡಿಟಿಪ್ಪಣಿಯನ್ನಾದರೂ ಬರೆಯಬೇಕು.